ಆ ದೇಹದಾಗ ನಾವೆಲ್ಲಿ?



ನಿರ್ಣಾದಾಗ ಸಣ್ಣಾವಿದ್ದಾಗ ಕೇಳಿದ ಒಂದು ಪ್ರವಚನ ಇನ್ನೂ ಕಿವಿಯೊಳಗ ಅದ. ಕುರುಕ್ಷೇತ್ರ ಅಂದ್ರ ನಮ್ಮ ದೇಹ, ಪಾಂಡವರು ಪಂಚೇಂದ್ರಿಯ, ರಾವಣನ ಹತ್ತು ತಲೆ ಅಂದ್ರ ಹತ್ತು ಇಂದ್ರಿಯ. ಕೇಳಲಿಕ್ಕೆ ಚಂದನೇ ಇತ್ತು. ಆಮೇಲೆ ಪುರುಷಸೂಕ್ತ ಬಂತು. ಬಾಯಿ ಬ್ರಾಹ್ಮಣ, ತೋಳು ಕ್ಷತ್ರಿಯ, ತೊಡೆ ವೈಶ್ಯ, ಪಾದದಿಂದ ಶೂದ್ರ. "ಕಾಲು ಕೀಳಲ್ಲ, ಕಾಲಿಲ್ಲದೆ ದೇಹ ನಿಲ್ಲಲ್ಲ. ಇದು ಬರೀ ಸಂಕೇತ" ಅಂದ್ರು.

ಮನಿಗೆ ಬಂದು ಅಪ್ಪನ್ನ ಕೇಳಿದೆ: ನಾವು ಯಾವ ಅಂಗ?

ಚಪ್ಪಲಿ ಹೊಲಿಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಆ ಮೈಯಾಗ ನಾವಿಲ್ಲಪ್ಪ. ಅದರ ಕಾಲಿಗೆ ಚಪ್ಪಲಿ ಮಾಡೋರು ನಾವು."

ನಾಲ್ಕು ವರ್ಣಕ್ಕೆ ನಾಲ್ಕು ಅಂಗ. ಐದನೆಯವರಿಗೆ ಒಂದು ಉಗುರೂ ಇಲ್ಲ. ಬಾಬಾಸಾಹೇಬರು 1946ರ 'ಶೂದ್ರರು ಯಾರಾಗಿದ್ದರು?' ಪುಸ್ತಕವನ್ನ ಈ ಸೂಕ್ತದ ಪ್ರಶ್ನೆಯಿಂದಲೇ ಶುರು ಮಾಡ್ತಾರ. ವರ್ಗಗಳು ಎಲ್ಲ ಸಮಾಜದಾಗೂ ಅವ. ಆ ಮೇಲು-ಕೀಳನ್ನೇ ದೈವದ ಆದರ್ಶ ಮಾಡಿದ್ದು ಇಲ್ಲಿನ ವಿಶೇಷ ಅನ್ನೋದು ಅವರ ವಾದ. ಕಾಲು ಅಷ್ಟು ಪವಿತ್ರ ಇದ್ರ, ಬಾಯಿ ಆದವರು ಒಂದು ತಲೆಮಾರು ಕಾಲಾಗಿ ನೋಡಲಿ.

ಇದಕ್ಕ ಉತ್ತರ ನಮ್ಮ ಮಗ್ಗುಲಿನ ಬಸವಕಲ್ಯಾಣದಾಗೇ ಅದ. ಸಮಗಾರ ಹರಳಯ್ಯ "ಶರಣು" ಅಂದ್ರ ಬಸವಣ್ಣ "ಶರಣು ಶರಣಾರ್ಥಿ" ಅಂದರಂತ. ಒಂದು ಶರಣಿಗೆ ಎರಡು ಶರಣು! ಆ ಭಾರ ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದರಂತ. ಬಸವಣ್ಣ ಅವನ್ನ ಮೆಟ್ಟಲಿಲ್ಲ, ತಲೆ ಮೇಲೆ ಹೊತ್ತರು. ಕಾಲಿಗಿಂತ ಕೆಳಗಿದ್ದದ್ದು ತಲೆಗಿಂತ ಮೇಲೆ ಹೋಯ್ತು. ಸೂಕ್ತದ ದೇಹ ಅಲ್ಲಿ ತಲೆಕೆಳಗಾಯ್ತು.

ಈಗಿನ ಭಾಷಣಗಳು ಈ ಕತಿಯನ್ನ ಚಪ್ಪಲಿಗೇ ನಿಲ್ಲಿಸ್ತಾವ. ಮುಂದ ಹರಳಯ್ಯನ ಮಗನಿಗೂ, ಬ್ರಾಹ್ಮಣ ಹುಟ್ಟಿನ ಶರಣ ಮಧುವರಸನ ಮಗಳಿಗೂ ಮದುವಿ ಆಯ್ತು. ಅದಕ್ಕ ಬಿಜ್ಜಳನ ಆಜ್ಞೆ ಎಳೆಹೂಟೆ. ಆನೆ ಕಾಲಿಗೆ ಕಟ್ಟಿ ಎಳೆಸಿದರು. ನಾವು ಚರ್ಮ ಕೊಟ್ಟಾಗ ಅದು ಭಕ್ತಿ. ನಮ್ಮ ಮಗ ಅವರ ಮಗಳ ಕೈ ಹಿಡಿದಾಗ ಅದು ಅಪರಾಧ. ಇವತ್ತೂ ಮರ್ಯಾದೆಗೇಡು ಹತ್ಯೆಗಳ ಸುದ್ದಿ ಓದಿದಾಗೆಲ್ಲ ನನಗೆ ಆ ಆನೆಯ ಕಾಲೇ ಕಾಣ್ತದ.

ಬಸವಕಲ್ಯಾಣಕ್ಕ ಹೋದವರು ಹರಳಯ್ಯನ ಗವಿಗೂ ಹೋಗಿ ಬರ್ರಿ. ಅಲ್ಲಿ ಯಾರಾದ್ರೂ "ಇದೆಲ್ಲ ಸಂಕೇತ" ಅಂದ್ರ ಒಂದೇ ಮಾತು ಹೇಳ್ರಿ: ನಿಮಗ ದೇಹ ಸಂಕೇತ ಇರಬಹುದು, ನಮಗ ಅದು ಸುಲಿದ ಚರ್ಮ.

ಶರಣು ಶರಣಾರ್ಥಿ. ಜೈ ಭೀಮ್.