ಗೆರೆ ದಾಟಿ ಓಡಿದವರು

ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿದವರಿಗೆ ಎರಡು ದೊಡ್ಡ ಕ್ರಿಕೆಟ್ ಮೈದಾನಗಳು ಕಾಲ್ನಡಿಗೆಯ ದೂರದಲ್ಲೇ ಸಿಗುತ್ತವೆ. ಸಮುದ್ರದ ಕಡೆಗೆ ಹೋಗುವ ವೀರ ನಾರಿಮನ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಬ್ರೆಬೋರ್ನ್. ಉತ್ತರಕ್ಕೆ, ಮರೀನ್ ಲೈನ್ಸ್ ಕಡೆಗೆ ಹೋಗುವ ಲೋಕಲ್ ರೈಲಿನ ಹಳಿಗಳ ಪಕ್ಕದಲ್ಲೇ ವಾಂಖೆಡೆ. ಒಂದು ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಟರೆ ಎರಡನ್ನೂ ಹೊರಗಿನಿಂದ ಸುತ್ತಿ, ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಇಲ್ಲಿ ಆಡಿದ ವೀರರ ಕಥೆ ನಿಮಗೆಲ್ಲ ಗೊತ್ತು. ಈ ಸಲ ಬ್ಯಾಟು ಹಿಡಿಯದೆ, ಚೆಂಡು ಎಸೆಯದೆ, ಸುಮ್ಮನೆ ಗೆರೆ ದಾಟಿ ಒಳಗೆ ಓಡಿದವರ ಕಥೆ ಕೇಳೋಣ.

ಮೊದಲು ಬ್ರೆಬೋರ್ನ್. 1937ರಲ್ಲಿ ಆರಂಭವಾದ ಈ ಕ್ರೀಡಾಂಗಣ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ್ದು. ಆಗಿನ ಗವರ್ನರ್ ಲಾರ್ಡ್ ಬ್ರೆಬೋರ್ನ್ ಅವರ ಹೆಸರು ಹೊತ್ತಿದೆ. 1960ರ ಜನವರಿಯಲ್ಲಿ ಇಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ನಡೆಯಿತು. ಹೈದರಾಬಾದಿನ ಅಬ್ಬಾಸ್ ಅಲಿ ಬೇಗ್, ಇನ್ನೂ ಇಪ್ಪತ್ತರ ಹುಡುಗ, ಎರಡೂ ಇನಿಂಗ್ಸ್‌ಗಳಲ್ಲಿ ಅರ್ಧಶತಕ ಹೊಡೆದರು. ಆ ಸಂಭ್ರಮದಲ್ಲಿ ಒಬ್ಬ ಯುವತಿ ಪ್ರೇಕ್ಷಕರ ನಡುವಿನಿಂದ ಓಡಿ ಬಂದು ಅವರ ಕೆನ್ನೆಗೆ ಮುತ್ತಿಟ್ಟು ಹೋದಳು. ಆ ಕಾಲದ ಭಾರತದಲ್ಲಿ, ಅದೂ ಸಾವಿರಾರು ಜನರ ಎದುರಿಗೆ! ಊರೆಲ್ಲ ಅದೇ ಮಾತು. ಸಲ್ಮಾನ್ ರಶ್ದಿ ಅವರ 1995ರ ಕಾದಂಬರಿಯೊಂದರಲ್ಲೂ ಆ ಮುತ್ತಿನ ಪ್ರಸಂಗ ಬರುತ್ತದೆ. ಯಾರಿಗೂ ನೋವಾಗಲಿಲ್ಲ, ಆಟ ಮುಂದುವರಿಯಿತು.

ಇನ್ನು ವಾಂಖೆಡೆ. ಬ್ರೆಬೋರ್ನ್ ಕ್ಲಬ್ಬಿಗೂ ಮುಂಬಯಿ ಕ್ರಿಕೆಟ್ ಸಂಸ್ಥೆಗೂ ಟಿಕೆಟುಗಳ ಹಂಚಿಕೆಯಲ್ಲಿ ವ್ಯಾಜ್ಯ ಬೆಳೆದು, ಸಂಸ್ಥೆ ತನ್ನದೇ ಕ್ರೀಡಾಂಗಣ ಕಟ್ಟಿಕೊಂಡಿತು. ಅಲ್ಲಿಯ ಮೊದಲ ಟೆಸ್ಟ್ ನಡೆದದ್ದು 1975ರ ಜನವರಿಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಮ್ಮ ಗುಂಡಪ್ಪ ವಿಶ್ವನಾಥ್ 95 ಓಟ ಗಳಿಸಿ ಶತಕ ತಪ್ಪಿಸಿಕೊಂಡ ಪಂದ್ಯ ಅದೇ. ಎದುರಾಳಿ ನಾಯಕ ಕ್ಲೈವ್ ಲಾಯ್ಡ್ ಔಟಾಗದೆ 242 ಹೊಡೆದರು.

ಲಾಯ್ಡ್ ಇನ್ನೂರು ಮುಟ್ಟಿದಾಗ ಒಬ್ಬ ಹುಡುಗ ಅಭಿನಂದಿಸಲು ಓಡಿ ಬಂದ. ನಮ್ಮ ಬೌಲರುಗಳನ್ನು ಚಚ್ಚಿದ ಪರದೇಶದ ಆಟಗಾರನ ಕೈ ಕುಲುಕಲು ಬಂದವನು ಅವನು; ಅದಕ್ಕಿಂತ ಸ್ವಚ್ಛವಾದ ಕ್ರೀಡಾಪ್ರೇಮ ಎಲ್ಲಿದೆ? ಪೊಲೀಸರು ಅವನನ್ನು ಹಿಡಿದು, ಎಲ್ಲರ ಕಣ್ಣೆದುರೇ ಹೊಡೆದರು. ನೋಡುತ್ತಿದ್ದ ಜನ ಕೆರಳಿದರು. ಕೈಗೆ ಸಿಕ್ಕಿದ್ದನ್ನು ಎಸೆದರು, ಬೆಂಕಿ ಹಚ್ಚಿದರು. ಆ ದಿನ ಸುಮಾರು ಒಂದೂವರೆ ಗಂಟೆಯ ಆಟ ನಷ್ಟವಾಯಿತು. ಹೊಸ ಕ್ರೀಡಾಂಗಣದ ಮೊದಲ ಟೆಸ್ಟಿಗೇ ಈ ಕಲೆ ಅಂಟಿತು.

ವಿಚಿತ್ರವೆಂದರೆ, ಅದೇ ಟೆಸ್ಟಿನಲ್ಲಿ ಕರ್ನಾಟಕದ ಬ್ರಿಜೇಶ್ ಪಟೇಲ್ ಆಡುತ್ತಿದ್ದಾಗ ಒಬ್ಬ ಮಹಿಳೆ ಮೈದಾನಕ್ಕೆ ಬಂದು ಅವರಿಗೂ ಮುತ್ತಿಟ್ಟಳು. ಜನ ನಕ್ಕರು, ಅಷ್ಟೇ. ಗೆರೆ ದಾಟಿದ್ದು ಇಬ್ಬರೂ. ಗಲಭೆ ಎದ್ದದ್ದು ಓಟದಿಂದಲ್ಲ, ಏಟಿನಿಂದ. ಒಬ್ಬನ ತಪ್ಪು ಲಾಠಿ ಬಿದ್ದ ಮೇಲೆ ಸಾವಿರಾರು ಜನರ ಸಿಟ್ಟಾಯಿತು.

ಹಾಗಾದರೆ ಓಡಿ ಬಂದವರನ್ನೆಲ್ಲ ನಗುತ್ತ ಬಿಟ್ಟುಬಿಡಬೇಕೆ? ಹಾಗೂ ಅಲ್ಲ, ಮಿತ್ರರೇ. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಟೆನಿಸ್ ಪಂದ್ಯದ ಬಿಡುವಿನಲ್ಲಿ ಕುಳಿತಿದ್ದ ಮೋನಿಕಾ ಸೆಲೆಸ್ ಅವರ ಬೆನ್ನಿಗೆ ಪ್ರೇಕ್ಷಕನೊಬ್ಬ ಚೂರಿ ಹಾಕಿದ. ಆಗ ಆಕೆಗೆ 19 ವರ್ಷ. ಮತ್ತೆ ಅಂಗಣಕ್ಕೆ ಮರಳಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1982ರಲ್ಲಿ ಪರ್ತ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿನ ವೇಳೆ ಒಳನುಗ್ಗಿದವನೊಬ್ಬ ಆಸ್ಟ್ರೇಲಿಯದ ವೇಗಿ ಟೆರಿ ಆಲ್ಡರ್‌ಮನ್ ಅವರಿಗೆ ಹೊಡೆದ. ಅವರು ಸಿಟ್ಟಿನಿಂದ ಬೆನ್ನಟ್ಟಿ ಅವನನ್ನು ಕೆಡವಲು ಹೋಗಿ ತಮ್ಮ ಭುಜವನ್ನೇ ಕಳಚಿಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಆಡಲಾಗಲಿಲ್ಲ. ಓಡಿ ಬರುವವನ ಕೈಯಲ್ಲಿ ಹೂವಿದೆಯೋ ಚೂರಿಯಿದೆಯೋ ಎಂದು ಕಾವಲುಗಾರನಿಗೆ ದೂರದಿಂದ ತಿಳಿಯುವುದಿಲ್ಲ. ಯೋಚಿಸಲು ಅವನಿಗಿರುವುದು ಕೆಲವೇ ಕ್ಷಣ.

ಬೇಲಿ ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಇಂಗ್ಲೆಂಡಿನ ಫುಟ್ಬಾಲ್ ಮೈದಾನಗಳಲ್ಲಿ ಹಾಗೆಯೇ ಮಾಡಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ತುಂಬಿ ತುಳುಕುತ್ತಿದ್ದ ಕಟಕಟೆಗಳಿಗೆ ಇನ್ನಷ್ಟು ಜನರನ್ನು ಬಿಟ್ಟಾಗ, ಮುಂದಿದ್ದವರು ಕಬ್ಬಿಣದ ಬೇಲಿಗೆ ಒತ್ತಿಹೋದರು. ಮೈದಾನಕ್ಕೆ ಜಿಗಿದು ಪಾರಾಗಬೇಕಾದವರನ್ನು ಬೇಲಿಯೇ ತಡೆಯಿತು. ಆ ದುರಂತದಲ್ಲಿ ಸತ್ತವರು ಒಟ್ಟು 97 ಮಂದಿ. ಬಳಿಕ 1990ರ ಟೇಲರ್ ವರದಿಯ ಹಿನ್ನೆಲೆಯಲ್ಲಿ ಅಲ್ಲಿಯ ದೊಡ್ಡ ಮೈದಾನಗಳಿಂದ ಅಂಥ ಬೇಲಿಗಳನ್ನು ತೆಗೆದರು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆ ಬಂದ 11 ಜನ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟದ್ದನ್ನು ಮರೆಯಲಾದೀತೆ? ಜನಸಾಗರಕ್ಕೆ ಹೊರದಾರಿ ಬೇಕು. ಮುಚ್ಚಿದ ಬಾಗಿಲು ಕಾವಲಲ್ಲ.

ಬೇಲಿಯಿಲ್ಲ, ಕಾವಲೂ ಸಾಲದು ಎಂದಾದರೆ ಏನಾಗುತ್ತದೆ? 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಜನ ಮೈದಾನ ತುಂಬಿಬಿಟ್ಟರು. ನಮ್ಮ ರೋಜರ್ ಬಿನ್ನಿ, ಕಿರ್ಮಾನಿ ಸೇರಿದಂತೆ ಎಲ್ಲರೂ ಪೆವಿಲಿಯನ್ ಕಡೆಗೆ ಓಟ ಕಿತ್ತರು. ಆಗ ಅದು ಸಂತೋಷದ ಚಿತ್ರ. ಆದರೆ 2001ರ ಜೂನ್‌ನಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಪಾಕಿಸ್ತಾನದ ಗೆಲುವು ಇನ್ನೇನು ಬಂತು ಎನ್ನುವಾಗ ಪ್ರೇಕ್ಷಕರು ನುಗ್ಗಿ, ಕಾವಲಿಗಿದ್ದವರೊಬ್ಬರು ತೀವ್ರವಾಗಿ ಗಾಯಗೊಂಡರು. ಇಂಗ್ಲೆಂಡ್ ನಾಯಕ ಅಲೆಕ್ ಸ್ಟೂವರ್ಟ್ ಪಂದ್ಯವನ್ನೇ ಬಿಟ್ಟುಕೊಟ್ಟರು. ಸಂತೋಷದಿಂದ ಓಡುವ ಕಾಲುಗಳೂ ಬಿದ್ದವರನ್ನು ತುಳಿಯುತ್ತವೆ.

ಲಾಠಿಗೂ ಬೇಲಿಗೂ ನಡುವಿನ ದಾರಿ ಯಾವುದು? ಒಳ್ಳೆಯ ಮೈದಾನಗಳಲ್ಲಿ ಇದು ಒಂದು ಕಲಿತ ವಿದ್ಯೆ. ಹಗ್ಗದ ಬಳಿ ಕಾವಲಿನವರು ಆಟಕ್ಕೆ ಬೆನ್ನು ಹಾಕಿ, ಜನರ ಕಡೆಗೆ ಮುಖ ಮಾಡಿ ಕೂರುತ್ತಾರೆ. ಯಾರಾದರೂ ಒಳಗೆ ಬಂದರೆ ಅಂಪೈರ್ ಆಟ ನಿಲ್ಲಿಸುತ್ತಾರೆ. ಆಟಗಾರರು ಹಿಂದೆ ಸರಿಯುವುದೇ ಲೇಸು. ಹಿಡಿಯುವುದು ಅವರ ಕೆಲಸವಲ್ಲ. ಒಬ್ಬನೇ ಅಟ್ಟಿಸಿಕೊಂಡು ಹೋದರೆ ಅದು ಹಿಡಿಯುವಾಟವಾಗಿ ಜನಕ್ಕೆ ಮೋಜು. ಮೂರುನಾಲ್ಕು ಜನ ಸುತ್ತುವರಿದರೆ ಬೇಗ ಮುಗಿಯುತ್ತದೆ. ತೋಳು ಹಿಡಿದು, ಹೊಡೆಯದೆ, ಹತ್ತಿರದ ಬಾಗಿಲಿನಿಂದ ಹೊರಗೆ ಒಯ್ದು ಪೊಲೀಸರಿಗೆ ಒಪ್ಪಿಸಬೇಕು. ಟಿವಿ ಕ್ಯಾಮೆರಾ ಬೇರೆ ಕಡೆಗೆ ತಿರುಗುತ್ತದೆ, ಏಕೆಂದರೆ ಓಡುವವರಲ್ಲಿ ಹಲವರಿಗೆ ಬೇಕಾದದ್ದು ಅದೇ. ಶಿಕ್ಷೆ ಏನಿದ್ದರೂ ಆಮೇಲೆ, ಕಾನೂನಿನ ಪ್ರಕಾರ.

ಇದನ್ನು ನಿಮಗೇಕೆ ಹೇಳಬೇಕು? ಈಚೆಗೆ ಗೆರೆ ದಾಟುವವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು. 2022ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಶ್ರೀಲಂಕಾ ವಿರುದ್ಧದ ಹಗಲುರಾತ್ರಿ ಟೆಸ್ಟಿನ ವೇಳೆ ಕೆಲವು ಯುವಕರು ವಿರಾಟ್ ಕೊಹ್ಲಿ ಅವರೊಡನೆ ಸೆಲ್ಫಿಗಾಗಿ ಒಳಗೆ ಓಡಿದರು. ಕೊಹ್ಲಿ ಪಕ್ಕಕ್ಕೆ ನಿಂತು ಪಟ ತೆಗೆಸಿಕೊಂಡರು. ಯುವಕರ ಮೇಲೆ ಕಬ್ಬನ್ ಪಾರ್ಕ್ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಪಟ ನಾಲ್ಕು ದಿನದ ಮಾತು. ಪೊಲೀಸ್ ದಾಖಲೆ ನೌಕರಿಗೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಎದುರು ಬಂದು ನಿಲ್ಲಬಹುದು. ಅಭಿಮಾನ ತೋರಿಸಲು ಚಪ್ಪಾಳೆಯಿದೆ, ಕೇಕೆಯಿದೆ, ಕನ್ನಡ ಬಾವುಟವಿದೆ. ಇವಾವುದಕ್ಕೂ ಗೆರೆ ದಾಟಬೇಕಿಲ್ಲ.

ನಿಮ್ಮಲ್ಲಿ ಹಲವರು ಸಂಘದ ಕ್ರೀಡೋತ್ಸವಗಳಲ್ಲಿ ಸ್ವಯಂಸೇವಕರಾಗಿ ನಿಲ್ಲುತ್ತೀರಿ. ಕಬಡ್ಡಿ ಫೈನಲಿನಲ್ಲಿ ಒಬ್ಬ ಹುಡುಗ ಅಂಕಣಕ್ಕೆ ನುಗ್ಗಿದರೆ 1975ರ ವಾಂಖೆಡೆಯನ್ನು ನೆನಪಿಸಿಕೊಳ್ಳಿ. ಬೈಯಬೇಡಿ, ಕೈ ಮಾಡಬೇಡಿ. ಇಬ್ಬರು ಹೋಗಿ "ಬಾಪ್ಪಾ ತಮ್ಮಾ, ಈಚೆ ಬಾ" ಎಂದು ತೋಳು ಹಿಡಿದು ಕರೆತನ್ನಿ. ಮುಂದಿನ ಸಲ ವಾಂಖೆಡೆಗೆ ಪಂದ್ಯ ನೋಡಲು ಹೋದರೆ ನಿಮ್ಮ ಹೊರಬಾಗಿಲು ಎಲ್ಲಿದೆ ಎಂದು ಮೊದಲು ನೋಡಿಟ್ಟುಕೊಳ್ಳಿ. ಆಮೇಲೆ ಹಗ್ಗದ ಬಳಿ ನಿಮ್ಮ ಕಡೆಗೆ ಮುಖ ಮಾಡಿ ಕೂತವರನ್ನು ಗಮನಿಸಿ. ಹಿಂದೆ ಸಿಕ್ಸರ್ ಬಿದ್ದು ಊರೇ ಕೂಗಿದರೂ ಅವರು ತಿರುಗಿ ನೋಡುವಂತಿಲ್ಲ.