ನೀರುಗಂಟಿ ಇದ್ದಾಗಿನ ಕೆರೆ

ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಕೆರೆಯ ತೂಬು ಎತ್ತುವ ಹಕ್ಕಿದ್ದದ್ದು ನೀರುಗಂಟಿಗೆ ಮಾತ್ರ. ಎಷ್ಟೇ ದೊಡ್ಡ ಜಮೀನುದಾರರಾದರೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಏರಿಯಿಂದ ಸ್ವಲ್ಪ ಒಳಗೆ, ನೀರಿನಲ್ಲಿ ನಿಂತ ಎರಡು ಕಲ್ಲುಕಂಬ. ನಡುವೆ ಅಡ್ಡ ಚಪ್ಪಡಿ. ಅದರ ತೂತಿನಲ್ಲಿ ಇಳಿಬಿಟ್ಟ ಮರದ ಗಳು, ಗಳುವಿನ ಬುಡಕ್ಕೆ ಕಂಡಿ ಮುಚ್ಚುವ ಬಿರಡೆ. ನೀರುಗಂಟಿ ತಾತ ಕಚ್ಚೆ ಬಿಗಿದು ಈಜಿಕೊಂಡು ಹೋಗಿ ಗಳುವನ್ನು ಮೇಲೆತ್ತಿ ಬೆಣೆ ಹೊಡೆಯುತ್ತಿದ್ದರು. ಗೇಣೆತ್ತಬೇಕೋ ಮೊಳವೆತ್ತಬೇಕೋ ಎನ್ನುವುದನ್ನು ಕೆರೆಯ ಮಟ್ಟ ಮತ್ತು ಪೈರಿನ ಹದ ನೋಡಿ ಅವರೇ ತೀರ್ಮಾನಿಸಬೇಕು. ಆಮೇಲೆ ಗುದ್ದಲಿ ಹೆಗಲಿಗೇರಿಸಿ ಕಾಲುವೆಯುದ್ದಕ್ಕೂ ನಡೆದು ಒಂದೊಂದೇ ಗದ್ದೆಗೆ ಮಡೆ ತಿರುಗಿಸುವುದು. “ನಿಮ್ದು ಆಯ್ತು ಗೌಡ್ರೇ, ಕೊನೇ ಗದ್ದೆಯವ್ರು ಕಾಯ್ತಾವ್ರೆ” ಎಂದರೆ ಮರುಮಾತಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ತೂಬಿನ ಹತ್ತಿರದ ಗದ್ದೆಗಳಲ್ಲಷ್ಟೇ ನಾಟಿ. ಕೊನೆಯ ಗದ್ದೆಯವರಿಗೂ ಅದರಲ್ಲಿ ಪಾಲು.

ಸುಗ್ಗಿಯಲ್ಲಿ ಕಣದಲ್ಲೇ ತಾತನ ಕಾಳು ಅಳೆದು ಕೊಡುತ್ತಿದ್ದರು. ಅಷ್ಟು ನಂಬಿದ ಊರು ಅವರಿಗೆ ಸೇದುವ ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ. ಇದನ್ನು ಬಿಟ್ಟು ಆ ಕಾಲವನ್ನು ಹೊಗಳಲು ನನಗೆ ಮನಸ್ಸು ಬಾರದು.

ನೀರುಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯೇ ರದ್ದು ಮಾಡಿತ್ತು. ಆದರೂ ನಮ್ಮಲ್ಲಿ ರೂಢಿ ನಿಂತಿರಲಿಲ್ಲ. ಅದನ್ನು ನಿಲ್ಲಿಸಿದ್ದು ಬೋರ್‌ವೆಲ್. ತನ್ನ ಹೊಲದಲ್ಲೇ ನೀರು ಸಿಕ್ಕವನಿಗೆ ಸರದಿ ಕಾಯುವ ಅಗತ್ಯವೇನು? ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಯ ಗೋಡು ಹೊತ್ತು ಹೊಲಕ್ಕೆ ಹಾಕುವುದು ನಿಂತಿತು, ಹೂಳು ಏರಿತು, ಅಂಗಳದಲ್ಲಿ ಜಾಲಿ ಬೆಳೆಯಿತು. ಮೇಲಿನ ಗೋಮಾಳಗಳಿಗೆ ನೀಲಗಿರಿ ಬಂತು. ಮಳೆ ಕೈಕೊಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಕೋಲಾರಕ್ಕೆ ಬರ ಹೊಸದಲ್ಲ. ಬರ ಬರುವ ಸೀಮೆಯೆಂದೇ ಹಿರಿಯರು ಸಾವಿರಾರು ಕೆರೆ ಕಟ್ಟಿದ್ದರು. ನಮ್ಮ ಕಣ್ಣೆದುರಿಗೆ ಹೋದದ್ದು ಮಳೆಗಿಂತ ಹೆಚ್ಚಾಗಿ, ಇರುವಷ್ಟು ನೀರನ್ನು ಕೂಡಿ ಹಂಚಿಕೊಳ್ಳುವ ಕೆಲಸ.

ಕೊಳವೆ ಸಾವಿರ ಅಡಿ ದಾಟಿದ ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಕಲೆ. ನೀರು ಹೀರುವ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು ಇಷ್ಟೆಲ್ಲ ಆದ ಮೇಲೆ, 2017ರಲ್ಲಿ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಗೆ ಬಂತು. ನರಸಾಪುರದ ಹತ್ತಿರ ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿ ನಿಂತದ್ದನ್ನು ಕಂಡು ನನ್ನ ಕಣ್ಣು ಒದ್ದೆಯಾದದ್ದು ನಿಜ. ಅಂತರ್ಜಲ ಏರಿದರೆ ಬದುಕುವವರು ನಾವೇ. ಆದರೆ ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಇಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಕೇಳಿಕೆ. ಈ ನೀರು ಅಂತರ್ಜಲ ಮರುಪೂರಣಕ್ಕೆಂದು ಬಂದದ್ದು, ಗದ್ದೆಗೆ ಹರಿಸಲು ಅಲ್ಲ. ಹಾಗಾಗಿ ಕೆರೆ ತುಂಬಿದರೂ ತೂಬಿಗೆ ಕೆಲಸವಿಲ್ಲ. ಮಳೆ ನೀರು ತರಬೇಕಾದ ರಾಜಕಾಲುವೆಯ ಮೇಲೆ ಅಲ್ಲಲ್ಲಿ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಆ ಕಾಲುವೆಯನ್ನು ಬಿಡಿಸುವ ಕೆಲಸವನ್ನು ಪಂಚಾಯಿತಿ ಸಂಬಳ ಕೊಟ್ಟು ಒಬ್ಬರಿಗೆ ವಹಿಸಲಿ, ಯಾವ ಜಾತಿಯವರಾದರೂ ಸರಿ. ಗುದ್ದಲಿ ಹಿಡಿದು ಕಾಲುವೆಯುದ್ದಕ್ಕೂ ನಡೆಯುವವರಾಗಿದ್ದರೆ ಸಾಕು.