ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತನ್ನು ಅರಿಯದ ಕನ್ನಡಿಗರಿಲ್ಲ. ಚಿಣಿಫಣಿಯಾಗಲಿ, ಮುಟ್ಟಾಟವಾಗಲಿ, ಹಿರಿಯ ಹುಡುಗರ ನಡುವೆ ಕಿರಿಯ ಮಗುವೊಂದು ಅಳುತ್ತ ಬಂದು ನಿಂತರೆ ಅದನ್ನು ಯಾರೂ ಓಡಿಸುವುದಿಲ್ಲ. ಮನಸೋಕ್ತ ಆಡಗೊಡುತ್ತಾರೆ, ಔಟಾದರೆ ಔಟೆನ್ನುವುದಿಲ್ಲ, ಗಳಿಸಿದರೆ ಎಣಿಸುವುದೂ ಇಲ್ಲ. ಇದರಲ್ಲಿ ಕರುಣೆಯೇನೋ ಉಂಟು. ಆದರೆ ತಾನು ಲೆಕ್ಕದಲ್ಲಿಲ್ಲವೆಂಬುದು ಆ ಮಗುವಿಗೆ ಒಂದು ದಿನ ತಿಳಿದೇ ತಿಳಿಯುತ್ತದೆ. ನಮ್ಮ ತರಗತಿಗಳಲ್ಲಿಯೂ ಇಂಥವರಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಂಟು. ಮೊದಲನೆಯವರು ಯಾರು, ಎರಡನೆಯವರು ಯಾರು ಎಂಬ ಮಾತು ಬಂದಾಗ ಮಾತ್ರ ಅವರು ಲೆಕ್ಕಕ್ಕಿಲ್ಲ.

ಅಧ್ಯಾಪಕ ತರಬೇತಿಯ ದಿನಗಳಿಂದಲೂ ನನ್ನನ್ನು ಕಾಡುತ್ತ ಬಂದ ಈ ಗಂಟನ್ನು ತುಸುವಾದರೂ ಸಡಿಲಿಸಿದ್ದು, ನಾನು ಕನಸಿನಲ್ಲಿಯೂ ನೆನೆಯದ ಗಾಲ್ಫ್ ಎಂಬ ಆಟ. ಅದು ಸಿರಿವಂತರ ಆಟವೆಂಬ ಮಾತು ಸುಳ್ಳಲ್ಲ. ನಮ್ಮ ದೇಶದಲ್ಲಿ ಅದರ ಬೇರು ಹಳೆಯದು. ಕಲಕತ್ತೆಯ ಗಾಲ್ಫ್ ಸಂಘ 1829ರಲ್ಲಿ ಹುಟ್ಟಿತು, ಬೆಂಗಳೂರಿನದು 1876ರಲ್ಲಿ. ಕಳೆದ ವರ್ಷ ಬೇಸಿಗೆಯ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ಅಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಗುರೂಜಿ, ನಾಳೆ ನಂದೊಂದು ಪಂದ್ಯ ಐತ್ರಿ, ಬರ್ರಿ, ಸುಮ್ಮ ಅಡ್ಡಾಡಿದಂಗ ಆಗ್ತದ" ಎಂದು ಕರೆದ. ಬೆಳಗಿನ ಆರು ಗಂಟೆಗೆ ಅವನ ಹಿಂದೆ ಹೊರಟೆ.

ಆಟದ ತತ್ತ್ವ ಸರಳ. ಹದಿನೆಂಟು ಕುಳಿಗಳು; ಒಂದೊಂದರ ಅಗಲ 108 ಮಿಲಿಮೀಟರು, ಅಂದರೆ ಗೇಣಿಗಿಂತ ಬಹಳ ಕಡಿಮೆ. ದೂರದಿಂದ ಕೋಲಿನಿಂದ ಚೆಂಡನ್ನು ಹೊಡೆಯುತ್ತ ಹೋಗಿ ಆ ಕುಳಿಗೆ ಬೀಳಿಸಬೇಕು. ಹೊಡೆತಗಳು ಕಡಿಮೆಯಾದಷ್ಟೂ ಒಳ್ಳೆಯದು. ನುರಿತವನಿಗೆ ಒಂದೊಂದು ಕುಳಿಗೆ ಮೂರು, ನಾಲ್ಕು ಅಥವಾ ಐದು ಹೊಡೆತ ಸಾಕೆಂದು ಗೊತ್ತುಪಡಿಸಿರುತ್ತಾರೆ. ಅದಕ್ಕೆ 'ಪಾರ್' ಎಂದು ಹೆಸರು. ಎಲ್ಲ ಸೇರಿ ಸಾಮಾನ್ಯವಾಗಿ 72.

ನನ್ನ ವಿದ್ಯಾರ್ಥಿಗೆ ಎದುರಾಳಿಯಾಗಿದ್ದವರು ನಿವೃತ್ತರಾದ ಒಬ್ಬ ಹಿರಿಯರು. ಮೂವತ್ತು ವರ್ಷ ಆಡಿ ಪಳಗಿದ ಕೈ ಅವರದು. ಇವನಾದರೋ ಕೋಲು ಹಿಡಿದು ನಾಲ್ಕು ವರ್ಷವಾಗಿತ್ತು. ಈ ಜೋಡಿಗೆ ಪಂದ್ಯ ಹೇಗಾದೀತೆಂದು ನಾನು ಕೇಳಿದಾಗ ಇವನು 'ಹ್ಯಾಂಡಿಕ್ಯಾಪ್' ಎಂಬುದನ್ನು ವಿವರಿಸಿದ. ನಿಘಂಟಿನಲ್ಲಿ ಆ ಶಬ್ದಕ್ಕೆ ಅಡಚಣೆ ಎಂಬ ಅರ್ಥವಿದೆ. ಇಲ್ಲಿ ಮಾತ್ರ ಅದು ಇಬ್ಬರ ನಡುವಿನ ಸೇತುವೆ. ಆಟಗಾರನ ಕಡೆಯ ಇಪ್ಪತ್ತು ಆಟಗಳಲ್ಲಿ ಅತ್ಯುತ್ತಮವಾದ ಎಂಟನ್ನು ಆರಿಸಿ, ಮೈದಾನದ ಕಠಿಣತೆಯನ್ನೂ ಗಣಿಸಿ, ಆ ಅಂಕವನ್ನು ತೆಗೆಯುತ್ತಾರೆ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿಯನ್ನು ತಂದಿದ್ದಾರೆ. ಎಡವಿದ ದಿನಗಳನ್ನು ಬದಿಗಿಟ್ಟು, ಅವನ ಕೈಲಾದದ್ದನ್ನು ಮಾತ್ರ ಎಣಿಸುವ ಈ ಕ್ರಮ ಅಧ್ಯಾಪಕನಾದ ನನಗೆ ಬಹಳ ಹಿಡಿಸಿತು.

ಆ ದಿನ ಹಿರಿಯರ ಅಂಕ 12, ಇವನದು 24. ವ್ಯತ್ಯಾಸ ಹನ್ನೆರಡು. ಆದ್ದರಿಂದ ಅತಿ ಕಠಿಣವಾದ ಹನ್ನೆರಡು ಕುಳಿಗಳಲ್ಲಿ ಇವನಿಗೆ ಒಂದೊಂದು ಹೊಡೆತದ ರಿಯಾಯಿತಿ. ಅಂಥ ಕುಳಿಯಲ್ಲಿ ಹಿರಿಯರು ಐದು ಹೊಡೆದು ಇವನು ಆರು ಹೊಡೆದರೆ ಇಬ್ಬರೂ ಸಮ. ಸುಲಭದ ಆರು ಕುಳಿಗಳಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹಿರಿಯರು ಸೋತು ಕೊಡಬೇಕಾಗಿಲ್ಲ, ಕಿರಿಯನು ಕೈಚೆಲ್ಲಬೇಕಾಗಿಲ್ಲ. ಇಬ್ಬರೂ ತಮ್ಮ ಶಕ್ತಿಯನ್ನೆಲ್ಲ ಹಾಕಿ ಆಡಿದರು.

ಹದಿನಾರನೆಯ ಕುಳಿಯವರೆಗೂ ಪಂದ್ಯ ಸಮಸಮ. ಹದಿನೇಳನೆಯದರಲ್ಲಿ ಇವನ ಚೆಂಡು ಎತ್ತರದ ಹುಲ್ಲಿನಲ್ಲಿ ಬಿದ್ದಿತ್ತು. ಹೊಡೆಯಲೆಂದು ಕೋಲನ್ನು ಹಿಂದಿಟ್ಟಾಗ ಅದು ಒಂದು ಬೆರಳಿನಷ್ಟು ಸರಿಯಿತಂತೆ. ಹಿರಿಯರು ಎಷ್ಟೋ ದೂರದಲ್ಲಿದ್ದರು. ಪಕ್ಕದಲ್ಲಿದ್ದ ನನಗೂ ಕಾಣಲಿಲ್ಲ. ಇವನು ಕೈಯೆತ್ತಿ, "ಚೆಂಡು ಸರಿಯಿತು, ನನಗೊಂದು ಹೊಡೆತ ದಂಡ" ಎಂದು ಕೂಗಿ ಹೇಳಿದ. ಚೆಂಡನ್ನು ಮೊದಲಿನ ಜಾಗದಲ್ಲಿಟ್ಟು ಆಡಿದ. ಆ ಕುಳಿ ಹೋಯಿತು. ಕೊನೆಯದು ಸಮವಾಗಿ, ಒಂದೇ ಕುಳಿಯಿಂದ ಪಂದ್ಯವೂ ಹೋಯಿತು. ಹಿರಿಯರು ಅದನ್ನು ಹೊಗಳಲೂ ಇಲ್ಲ. ಕೈಕುಲುಕಿ ಚಹಾಕ್ಕೆ ಕರೆದರು. ಗಾಲ್ಫಿನ ಸ್ನೇಹಪಂದ್ಯದಲ್ಲಿ ಪಂಚರಿಲ್ಲ. ತನ್ನ ತಪ್ಪನ್ನು ತಾನೇ ಹೇಳುವುದು ಆಟದ ನಿಯಮ. 1925ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಹೀಗೆಯೇ ತನ್ನ ಮೇಲೆ ತಾನೇ ಒಂದು ದಂಡದ ಹೊಡೆತ ಹಾಕಿಕೊಂಡು, ಕೊನೆಗೆ ಪ್ರಶಸ್ತಿಯನ್ನು ಕಳೆದುಕೊಂಡ. ಆತ ಸ್ಪರ್ಧೆಗಳಿಂದ ನಿವೃತ್ತನಾಗುವವರೆಗೂ ಹಣಕ್ಕಾಗಿ ಆಡದ ಹವ್ಯಾಸಿ. 'ಅಮೆಚೂರ್' ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೆ 'ಪ್ರೀತಿಸುವವನು' ಎಂದೇ ಅರ್ಥ.

ಒಂದು ಹೊಡೆತದ ಬೆಲೆಯನ್ನು ನಮ್ಮ ಬೆಂಗಳೂರಿನ ಹೆಣ್ಣುಮಗಳು ಅದಿತಿ ಅಶೋಕ್ ಬಲ್ಲಳು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಹದಿನೆಂಟರ ಹುಡುಗಿಯಾಗಿ 41ನೆಯ ಸ್ಥಾನದಲ್ಲಿದ್ದವಳು, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ನಾಲ್ಕನೆಯವಳಾದಳು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ರಿಯೊದಲ್ಲಿ ತಂದೆ, ಟೋಕಿಯೊದಲ್ಲಿ ತಾಯಿ ಅವಳ ಕೋಲುಗಳ ಚೀಲ ಹೊತ್ತು ಜೊತೆ ನಡೆದಿದ್ದರು. ನಮ್ಮ ಮನೆಗಳಲ್ಲಿ ಪದಕ ತಪ್ಪಿತೆಂದು ಮರುಗಿದವರೇ ಹೆಚ್ಚು. 41ರಿಂದ ನಾಲ್ಕಕ್ಕೆ ಅವಳು ನಡೆದ ದಾರಿಯನ್ನು ಅಳೆದವರು ಕಡಿಮೆ.

ತಡವಳಕ್ಕೆ ಗಾಲ್ಫ್ ಬರಲೆಂದು ನಾನು ಹೇಳುತ್ತಿಲ್ಲ. ಜೋಳ ತೊಗರಿಗೇ ಮಳೆಯ ದಾರಿ ಕಾಯುವ ಸೀಮೆಯಲ್ಲಿ ಹುಲ್ಲಿಗೆ ನೀರುಣಿಸುವ ಮಾತು ಸಲ್ಲದು. ತರಬೇಕಾದದ್ದು ಅದರ ಲೆಕ್ಕವನ್ನು ಮಾತ್ರ. ಜೂನಿನಲ್ಲಿ ಶಾಲೆ ತೆರೆದಾಗ ನಾಲ್ಕನೆಯ ಇಯತ್ತೆಯಲ್ಲಿ ಶನಿವಾರಕ್ಕೊಮ್ಮೆ ಬಾಯಿಲೆಕ್ಕದ ಸ್ನೇಹಪಂದ್ಯವನ್ನು ಆರಂಭಿಸಿದೆವು. ಇಪ್ಪತ್ತು ಲೆಕ್ಕ. ಪ್ರತಿ ಮಗುವಿನ ಹಿಂದಿನ ಒಳ್ಳೆಯ ಅಂಕಗಳಿಂದ ಅದರ ಮಟ್ಟ ತೆಗೆದು, ಜೋಡಿ ಮಾಡಿ, ವ್ಯತ್ಯಾಸದಷ್ಟು ಅಂಕವನ್ನು ಹಿಂದಿನವರಿಗೆ ಮುಂಗಡವಾಗಿ ಕೊಟ್ಟೆವು. ಉತ್ತರಗಳನ್ನು ಮಕ್ಕಳೇ ತಿದ್ದಿಕೊಳ್ಳುವರು.

ತಂದೆತಾಯಿಗಳೊಡನೆ ಕಬ್ಬು ಕಡಿಯುವ ಸುಗ್ಗಿಗೆ ಹೋಗಿ ಹಿಂದಿನ ವರ್ಷ ಐದು ತಿಂಗಳು ಶಾಲೆ ತಪ್ಪಿಸಿಕೊಂಡಿದ್ದ ಒಬ್ಬ ಹುಡುಗಿ ಆ ತರಗತಿಯಲ್ಲಿದ್ದಳು. ವರ್ಗದ ಜಾಣನೆದುರು ಅವಳಿಗೆ ಹತ್ತು ಅಂಕ ಮುಂಗಡ. ಮೂರು ವಾರ ಸೋತಳು, ನಾಲ್ಕನೆಯ ವಾರ ಗೆದ್ದಳು. ದಸರೆಯ ಹೊತ್ತಿಗೆ ಮುಂಗಡ ಆರಕ್ಕಿಳಿದಿತ್ತು. ಕಡಿಮೆಯಾಯಿತೆಂದು ಅತ್ತಾಳೆಂದು ನಾವು ಅಂಜಿದ್ದರೆ, ಅವಳು ಓಡುತ್ತ ಮನೆಗೆ ಹೋಗಿ, "ಅಜ್ಜಿ, ನನಗೀಗ ಆರs ಸಾಕಂತ" ಎಂದು ಹೇಳಿದಳಂತೆ. ದೀಪಾವಳಿಯ ನಂತರ ತಂದೆತಾಯಿ ಗಂಟುಮೂಟೆ ಕಟ್ಟಿದಾಗ ಅವಳು ಅಜ್ಜಿಯ ಬಳಿಯೇ ಉಳಿದಳು. ಇದಕ್ಕೆ ನಮ್ಮ ಶನಿವಾರದ ಪಂದ್ಯವೇ ಕಾರಣವೆನ್ನಲಾರೆ, ಆ ಅಜ್ಜಿಯ ಗಟ್ಟಿತನ ದೊಡ್ಡದು. ಆದರೆ ಆ ಶಾಲೆಯಲ್ಲಿ ತಾನು ಲೆಕ್ಕಕ್ಕಿದ್ದೇನೆಂಬುದು ಅವಳಿಗೆ ತಿಳಿದಿತ್ತು.

ಗಡಿಯಾಚೆಯಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುತ್ತಿರುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಪ್ರಗತಿ ಪುಸ್ತಕ ಮನೆಗೆ ಬಂದಾಗ ನೆರೆಮನೆಯ ಮಗುವಿನ ಅಂಕವನ್ನು ಕೇಳುವ ಮುನ್ನ, ನಿಮ್ಮ ಮಗುವಿನದೇ ಹಿಂದಿನ ಪುಟವನ್ನೊಮ್ಮೆ ತಿರುವಿ ನೋಡಿರಿ. ಅಲ್ಲಿಂದ ಇಲ್ಲಿಗೆ ಅದು ಎಷ್ಟು ನಡೆದಿದೆಯೆಂದು ಅದರೆದುರೇ ಎಣಿಸಿರಿ.